ಗಿಟಾರ್ ಕಲಿಯೋಕೆ ಹಾಡಿಂದ ಶುರು ಮಾಡ್ಬೇಕಾ, ಸ್ಕೇಲಿಂದಾನಾ?

ಮೊದಲು ಸ್ಕೇಲು (ಸ್ವರಗಳನ್ನ ಕ್ರಮವಾಗಿ ಏರಿಸಿ ಇಳಿಸಿ ನುಡಿಸೋದು), ಫಿಂಗರ್ ಎಕ್ಸರ್‌ಸೈಜು ಅಂತ ಹೋದ್ರೆ ಬೆರಳಿಗೆ ಹಿಡಿತ ಚೆನ್ನಾಗಿ ಬರುತ್ತೆ, ಆದ್ರೆ ಕೇಳೋಕೆ ಹಾಡು ಅನ್ನೋದೇ ಇರಲ್ಲ, ಸುಮಾರು ಜನಕ್ಕೆ ಬೇಜಾರಾಗಿ ಗಿಟಾರ್ ಮೂಲೆ ಸೇರುತ್ತೆ. ಇಷ್ಟದ ಹಾಡಿಂದಾನೇ ಶುರು ಮಾಡಿದ್ರೆ ಜಿ, ಸಿ, ಡಿ, ಇ ಮೈನರ್ ಈ 4 ಕಾರ್ಡಲ್ಲೇ (ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಷ್ಟೋ ಹಾಡು ನುಡಿಸಬಹುದು, ಬೆರಳ ತುದಿ ಉರಿದ್ರೂ ಇನ್ನೊಂದ್ಸಲ ನುಡಿಸೋಣ ಅನ್ಸುತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಜಿ ಇಂದ ಸಿ ಗೆ ಹೋಗುವಾಗ ಕೈ ತಡವರಿಸಿ ತಾಳ ನಿಂತೋಗುತ್ತೆ, ಹಾಗೇ ಬಿಟ್ರೆ ಅದೇ ರೂಢಿ ಆಗ್ಬಿಡುತ್ತೆ.

ನನ್ನ ಕೇಳಿದ್ರೆ ಹಾಡೇ ಮೊದಲು. ತಡವರಿಸೋ ಆ ಒಂದು ಜಾಗಾನ ಮಾತ್ರ ಎತ್ಕೊಂಡು ಮೆಟ್ರೋನೋಮ್ (ತಾಳಕ್ಕೆ ಟಿಕ್ ಟಿಕ್ ಅನ್ನೋ ಸಾಧನ) ನಿಮಿಷಕ್ಕೆ 60 ಬೀಟಿಗೆ ಇಟ್ಟು ದಿನಾ 5 ನಿಮಿಷ ತಿದ್ದಿ, ಎಕ್ಸರ್‌ಸೈಜೂ ಅದರಲ್ಲೇ ಆಗುತ್ತೆ. ಕ್ಲಾಸಿಕಲ್ ಗಿಟಾರೇ ಕಲೀಬೇಕು ಅಂತಿರೋರು ಮಾತ್ರ ಸ್ಕೇಲಿಂದ ಹೋಗ್ಲಿ.