ಮನೆಯಲ್ಲೇ ಪಿಕ್ ಲೈನ್ ಫ್ಲಶ್ ಮಾಡಿಸುತ್ತೀರಾ? ಮೊದಲು ಸಲೈನ್ ಬಾಟಲಿ ನೋಡಿ

ಹೋಮ್ ನರ್ಸಿಂಗ್‌ನವರನ್ನು ಕರೆಸುವವರು ದಯವಿಟ್ಟು ಪೂರ್ತಿ ಓದಿ. ಏಜೆನ್ಸಿ ಹೆಸರು ಹಾಕುತ್ತಿಲ್ಲ, ಇಂಥವರು ಎಲ್ಲ ಕಡೆ ಇದ್ದಾರೆ.

ಅಪ್ಪನಿಗೆ ಕೀಮೋ ನಡೀತಿದೆ, ತೋಳಿನಲ್ಲಿ ಪಿಕ್ ಲೈನ್, ಅಂದರೆ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಹಾಕಿಟ್ಟ ಸಣ್ಣ ಕೊಳವೆ. ವಾರಕ್ಕೊಮ್ಮೆ ಫ್ಲಶ್ (ಕೊಳವೆ ಕಟ್ಟದ ಹಾಗೆ ಸಲೈನ್ ಹಾಯಿಸೋದು), ಡ್ರೆಸ್ಸಿಂಗ್. ಅದಕ್ಕೆ ಒಬ್ಬ ಹುಡುಗ ಮನೆಗೇ ಬರುತ್ತಿದ್ದ. ನಗುನಗುತ್ತಾ ಮಾತು. ನಾನು ಕಾಫಿ ಬೇರೆ ಮಾಡಿಕೊಡುತ್ತಿದ್ದೆ!

ಆವತ್ತು ಅವನು ಹೋಗಿ ಒಂದು ಗಂಟೆಯೂ ಆಗಿರಲಿಲ್ಲ. ಅಪ್ಪ ಗಡಗಡ ನಡುಗತೊಡಗಿದರು. ಎಷ್ಟು ರಗ್ಗು ಹೊದಿಸಿದರೂ ನಿಲ್ಲದು. ಏಜೆನ್ಸಿಗೆ ಫೋನ್ ಮಾಡಿದರೆ, "ವೈರಲ್ ಇರಬೇಕು ಮೇಡಂ, ಎಲ್ಲಾ ಕಡೆ ಇದೆ. ಪ್ಯಾರಸಿಟಮಾಲ್ ಕೊಡಿ."

ವೈರಲ್ಲಂತೆ! ರಕ್ತದಲ್ಲಿ ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಬಂದಿದ್ದು ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಅನ್ನೋ ಬ್ಯಾಕ್ಟೀರಿಯಾ. 1950ರಲ್ಲಿ ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಅಂತ ಗುರುತಿಸಿದ್ದು ಇದನ್ನೇ. ನೀರು, ಮಣ್ಣಿನಲ್ಲಿ ಇರುತ್ತದೆ. ಆರೋಗ್ಯವಾಗಿ ಇರುವವರಿಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಕೀಮೋದಿಂದ ಸೋತ ಮೈಯಲ್ಲಿ ನೇರ ರಕ್ತಕ್ಕೇ ಹೋದರೆ ಪ್ರಾಣಕ್ಕೇ ಕುತ್ತು. ಜೆಂಟಾಮೈಸಿನ್, ಕೊಲಿಸ್ಟಿನ್ ಥರದ ಔಷಧಿಗಳು ಇದಕ್ಕೆ ನಾಟೋದಿಲ್ಲ. ಡಾಕ್ಟರು ರಿಪೋರ್ಟ್ ನೋಡಿ ಕೇಳಿದ್ದು ಒಂದೇ: "ಸಲೈನ್ ಯಾವುದರಿಂದ ಎಳೀತಿದ್ರು?"

ಅಷ್ಟೇ, ನನಗೆ ಎಲ್ಲಾ ಕಣ್ಣ ಮುಂದೆ ಬಂತು. ಅವನ ಬ್ಯಾಗಿನಿಂದ ಬರುತ್ತಿದ್ದದ್ದು ಅರ್ಧ ಖಾಲಿಯಾದ ದೊಡ್ಡ ಬಾಟಲಿ. ರಬ್ಬರ್ ಮುಚ್ಚಳದಲ್ಲಿ ಸೂಜಿ ಚುಚ್ಚಿದ ಹಾಗೇ ಇರುತ್ತಿತ್ತು. ಅದೇ ಬಾಟಲಿ ಮನೆಮನೆಗೂ! ಬಿಲ್ ತೆಗೆದು ನೋಡಿದರೆ ಪ್ರತಿ ಸಲವೂ "ಹೊಸ ಸಲೈನ್" ಅಂತ ದುಡ್ಡು ಹಾಕಿದ್ದಾರೆ. ಯಾರದೋ ಮನೆಯಲ್ಲಿ ಉಳಿದದ್ದು ನಮಗೆ ಹೊಸದು. ಹೊಸದು ಅಂತೆ!

ಮ್ಯಾನೇಜರ್‌ನ ಕೇಳಿದೆ. "ಸಲೈನ್ ಅಂದ್ರೆ ಉಪ್ಪುನೀರು ಮೇಡಂ, ಅದು ಕೆಡುತ್ತಾ?" ಕೆಡೋದಲ್ಲ ಸ್ವಾಮಿ, ಈ ಬ್ಯಾಕ್ಟೀರಿಯಾ ಅದರಲ್ಲೇ ಬದುಕುತ್ತದೆ. 2016ರಲ್ಲಿ ಅಮೆರಿಕದಲ್ಲಿ ಫ್ಯಾಕ್ಟರಿಯಲ್ಲೇ ತುಂಬಿಸಿದ ಸಲೈನ್ ಸಿರಿಂಜುಗಳಿಂದ ಇದು ಹರಡಿ, ಮಾಲನ್ನೇ ವಾಪಸ್ ತರಿಸಿಕೊಂಡಿದ್ದರು. ಸೂಜಿ ಚುಚ್ಚಿಟ್ಟ ಬಾಟಲಿಯ ಕಥೆ ಕೇಳಬೇಕೆ?

ಬಾಟಲಿ ಕೊಡಿ, ಲ್ಯಾಬಿಗೆ ಕಳಿಸೋಣ ಅಂದೆ. "ಅದು ಆವತ್ತೇ ಎಸೆದಾಯ್ತು." ಅದೇ ಉಸಿರಿನಲ್ಲಿ, "ನಮ್ಮ ಬಾಟಲಿಯಿಂದಲೇ ಬಂತು ಅನ್ನೋದಕ್ಕೆ ಪ್ರೂಫ್ ಏನಿದೆ?"

ಅಪ್ಪನ ಲೈನ್ ತೆಗೆಸಬೇಕಾಯಿತು. ಕೀಮೋ ಮುಂದಕ್ಕೆ ಹೋಯಿತು.

ಒಂದೇ ಸಲ ಬಳಸುವ ಚಿಕ್ಕ ಸಲೈನ್ ನೀವೇ ಮೆಡಿಕಲ್ ಶಾಪಿನಿಂದ ತಂದಿಡಿ. ನಿಮ್ಮ ಎದುರಿಗೇ ಒಡೆಯಲಿ, ಉಳಿದದ್ದು ಚೆಲ್ಲಲಿ. ಮುಖ ಸಿಂಡರಿಸಿಕೊಂಡರೆ ಸಿಂಡರಿಸಿಕೊಳ್ಳಲಿ. ಫ್ಲಶ್ ಆದಮೇಲೆ ಚಳಿ ಬಂತೋ, ಇವರಿಗೆ ಫೋನ್ ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ನಿನ್ನೆ ಮೆಸೇಜ್ ಬಂದಿದೆ: "ಮುಂದಿನ ವಿಸಿಟ್‌ನಲ್ಲಿ ಅಡ್ಜಸ್ಟ್ ಮಾಡ್ತೀವಿ ಮೇಡಂ." ಮುಂದಿನ ವಿಸಿಟ್ ಅಂತೆ!