ಅಜ್ಜನ ಕೋವಿಗೆ ರೆನೆಸಾನ್ಸ್ ವ್ಯಾಕ್ಸ್: ಎರಡು ವರ್ಷ ಬಳಸಿದ ಮೇಲೆ

ಅಜ್ಜನ ಕೇಪಿನ ಕೋವಿ (ಬಡಿದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿ, ಅಂದರೆ ಕೇಪು, ಕೂರಿಸಿ ಹಾರಿಸುವ ಹಳೆಯ ಬಗೆಯದು) ನನ್ನ ಪಾಲಿಗೆ ಬಂದು ಮೂರು ವರ್ಷವಾಯಿತು. ಕಾಗದಪತ್ರವೆಲ್ಲ ನನ್ನ ಹೆಸರಿಗಾದ ಮೇಲೆ ಅದನ್ನು ಬಿಚ್ಚಿ ನೋಡಿದೆ. ಮರದ ಹಿಡಿ ಸಣ್ಣದಾಗುವ ಕಡೆ, ಅಜ್ಜನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ, ಮರ ಸವೆದು ಚಿಕ್ಕ ತಗ್ಗಾಗಿದೆ. ನನ್ನ ಬೆರಳೂ ಹೋಗಿ ಅಲ್ಲೇ ಕೂರುತ್ತದೆ. ಹೊಸದರಂತೆ ಮಾಡಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಇದ್ದದ್ದನ್ನು ಇದ್ದಂತೆ ಕಾಪಾಡಲು ಹಚ್ಚಿದ್ದು ರೆನೆಸಾನ್ಸ್ ವ್ಯಾಕ್ಸ್ ಎಂಬ ಮೇಣ.

ಚಿಕ್ಕಪ್ಪ ಹಿಂದೊಮ್ಮೆ ಪ್ರೀತಿಯಿಂದಲೇ ಎಮರಿ ಪೇಪರ್ ಹಿಡಿದು ಕೋವಿಯ ಕುದುರೆಯ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಪಕ್ಕದ ತಗಡನ್ನು ಫಳಫಳ ಉಜ್ಜಿದ್ದರು. ಅದರ ಮೇಲೆ ಕೆತ್ತಿದ್ದ ಅಕ್ಷರಗಳಲ್ಲಿ ಅರ್ಧ ಹೋಗಿವೆ. ಭೂತಗನ್ನಡಿ ಹಿಡಿದರೂ ಮಾಡಿದವರ ಹೆಸರು ಓದಲಾಗುವುದಿಲ್ಲ. ಹಳೆಯ ನಳಿಗೆಯ ಕಂದು ಬಣ್ಣ ಎಷ್ಟೋ ಸಲ ಕೊಳೆಯಲ್ಲ. ಕಬ್ಬಿಣಕ್ಕೆ ಬೇಕೆಂದೇ ಹದವಾಗಿ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ತಂದ ಬಣ್ಣ ಅದು. ಬೆರಳಿಗೆ ಕೆಂಪು ಪುಡಿ ಅಂಟಿದರೆ ಮಾತ್ರ ಅದು ತಿನ್ನುತ್ತಿರುವ ತುಕ್ಕು.

ಮೇಣದ ಡಬ್ಬಿ ತೆರೆಯುವ ಮೊದಲು ಇನ್ನೊಂದು ಮಾತು, ಇದನ್ನು ದಯವಿಟ್ಟು ಓದಿ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಇಂಥ ಕೋವಿ ಸಿಕ್ಕರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಬಾಯಿಗೆ ಅಡ್ಡ ನಿಲ್ಲದೆ ಮರದ ಕೋಲೊಂದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಆಮೇಲೆ ಅದೇ ಕೋಲನ್ನು ಹೊರಗಿನಿಂದ ಹಿಡಿದು ನೋಡಿ. ಕೇಪು ಕೂರಿಸುವ ಜಾಗದ ಹತ್ತಿರಕ್ಕೆ ಅದು ಮುಟ್ಟಬೇಕು. ನಮ್ಮದು ನಾಲ್ಕು ಬೆರಳು ಮೊದಲೇ ನಿಂತಿತು. ಕೋವಿ ರಿಪೇರಿ ಮಾಡುವವರ ಬಳಿ ಒಯ್ದೆ. ಅವರು ಹೊರತೆಗೆದದ್ದು ಬಟ್ಟೆಯ ಉಂಡೆ, ಚರೆ, ಅದರ ಹಿಂದೆ ಕಪ್ಪು ಮದ್ದು. ಒಣಗಿದ್ದರೆ ಆ ಮದ್ದು ನೂರು ವರ್ಷಕ್ಕೂ ಸಾಯುವುದಿಲ್ಲ. ಆ ಕೋವಿಯ ಕೆಳಗೇ ನಾವೆಲ್ಲ ಆಡಿ ಬೆಳೆದವರು.

ಇನ್ನು ಮೇಣದ ವಿಷಯ. ರೆನೆಸಾನ್ಸ್ ವ್ಯಾಕ್ಸ್ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಜೇನುಮೇಣದಂಥ ಹಳೆಯ ಮೇಣಗಳಲ್ಲಿ ಆಮ್ಲದ ಅಂಶವಿರುತ್ತದೆ, ಕಾಲ ಕಳೆದಂತೆ ಅದು ಲೋಹಕ್ಕೆ ಒಳ್ಳೆಯದಲ್ಲ. ಇದು ಪೆಟ್ರೋಲಿಯಂನಿಂದ ತೆಗೆದ ಮೈಕ್ರೋಕ್ರಿಸ್ಟಲೈನ್, ಅಂದರೆ ಅತಿ ಸಣ್ಣ ಹರಳುಗಳ, ಮೇಣ. ಆಮ್ಲವಿಲ್ಲ, ಒಣಗಿದ ಮೇಲೆ ಅಂಟೂ ಇಲ್ಲ. ಕಬ್ಬಿಣ, ಹಿತ್ತಾಳೆ, ಮರ ಮೂರಕ್ಕೂ ಒಂದೇ ಡಬ್ಬಿ ಸಾಕು.

ಇದಕ್ಕೆ ಮೊದಲು ನಾನು ಎಲ್ಲರ ಮನೆಯಲ್ಲೂ ಇರುವಂಥ ಒಂದು ಸ್ಪ್ರೇ ಹೊಡೆಯುತ್ತಿದ್ದೆ. ಕೆಲವೇ ತಿಂಗಳಲ್ಲಿ ಅದು ಜಿಡ್ಡಾಗಿ, ಧೂಳು ಕೂತು, ಕುದುರೆಯನ್ನೇ ಬಿಗಿ ಮಾಡಿತು. ಎಣ್ಣೆ ಹೆಚ್ಚಾಗಿ ಮರಕ್ಕೆ ಇಳಿದರೆ ಮರ ಕಪ್ಪಾಗಿ ಮೆತ್ತಗಾಗುತ್ತದೆ.

ಮೇಣ ಎಣ್ಣೆಯ ಮೇಲೆ ಕೂರುವುದಿಲ್ಲ. ಆದ್ದರಿಂದ ಮೊದಲು ಲೋಹವನ್ನು ವೈಟ್ ಸ್ಪಿರಿಟ್ (ಬಣ್ಣ ತೆಳುವಾಗಿಸಲು ಬಳಸುವ ದ್ರವ) ಸವರಿದ ಬಟ್ಟೆಯಿಂದ ಒರೆಸಿದೆ. ಹತ್ತಿಯ ಕೈಗವಸು ಹಾಕಿಕೊಂಡೆ, ಬೆವರಿನ ಉಪ್ಪು ಬೆರಳಚ್ಚಿನಷ್ಟೇ ಜಾಗದಲ್ಲಿ ತುಕ್ಕು ತರಿಸಬಲ್ಲದು. ಬಟ್ಟೆಯ ತುದಿಗೆ ಉಗುರಿನಷ್ಟು ಮೇಣ, ಒಮ್ಮೆಗೆ ಒಂದು ಗೇಣು ಜಾಗ, ಒಣಗುವ ಮೊದಲೇ ಮೆತ್ತಗೆ ಉಜ್ಜು. ಮೊದಲ ದಿನ ಆಸೆಗೆ ಹೆಚ್ಚು ಹಚ್ಚಿ ತಿರುಪಿನ ಗೀರುಗಳಲ್ಲೆಲ್ಲ ಬಿಳಿ ನಿಲ್ಲಿಸಿಕೊಂಡೆ, ಮೆತ್ತನೆಯ ಬ್ರಷ್‌ನಿಂದ ತೆಗೆದದ್ದಾಯಿತು. ವಾಸನೆ ಇದೆ, ಕಿಟಕಿ ತೆರೆದಿಟ್ಟುಕೊಳ್ಳಿ. ಆದರೆ ಒಣಗಿದ ಮೇಲೆ ಮುಟ್ಟಿದರೂ ಅಚ್ಚು ಬೀಳಲಿಲ್ಲ. ಬಣ್ಣ ಸ್ವಲ್ಪ ಗಾಢವಾಯಿತು, ಹೊಳಪು ಅತಿಯಾಗಲಿಲ್ಲ. ಹೆಬ್ಬೆರಳಿನ ತಗ್ಗು ಮಾತ್ರ ದೀಪದ ಬೆಳಕಿಗೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ಎರಡು ವರ್ಷದಲ್ಲಿ ಮೂರು ಸಲ ಹಚ್ಚಿದ್ದೇನೆ. ಹೊಸ ತುಕ್ಕು ಒಂದು ಚುಕ್ಕಿಯೂ ಇಲ್ಲ. 65 ಮಿಲಿಲೀಟರ್ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಉಳಿದಿದೆ. ಹಾಗೆಂದು ಎಲ್ಲ ಪುಣ್ಯವೂ ಮೇಣದ್ದಲ್ಲ. ಕೋವಿಯನ್ನು ಚರ್ಮದ ಚೀಲದಿಂದ ಹೊರತೆಗೆದೆ, ಚರ್ಮ ತೇವ ಹಿಡಿದು ಲೋಹಕ್ಕೇ ಕೊಡುತ್ತದೆ. ಬೀಗದ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ತೇವಾಂಶ ಶೇಕಡಾ 50ರ ಆಸುಪಾಸು ನಿಲ್ಲುವಂತೆ ನೋಡಿಕೊಳ್ಳುತ್ತೇನೆ.

ಹಿಡಿದುಬಿಟ್ಟ ತುಕ್ಕಿಗೆ ಈ ಮೇಣ ಮದ್ದಲ್ಲ, ಅದನ್ನು ಮೊದಲೇ ತೆಗೆಯಬೇಕು. ನಳಿಗೆಯ ಒಳಗೂ ಇದರ ಕೆಲಸವಿಲ್ಲ. ಕಪ್ಪು ಮದ್ದು ಸುಟ್ಟು ಉಳಿಸುವ ಲವಣ ಗಾಳಿಯ ನೀರು ಹೀರುತ್ತದೆ, ಎಣ್ಣೆಗೆ ಕರಗುವುದಿಲ್ಲ. ಬಿಸಿನೀರಿನಲ್ಲೇ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಆ ಕೆಲಸ ನಾನು ರಿಪೇರಿಯವರ ಕೈಯಲ್ಲೇ ಮಾಡಿಸಿದೆ. ಹೊರಮೈಗೆ ಮಾತ್ರ ಇನ್ನು ಬೇರೇನನ್ನೂ ಹುಡುಕುವುದಿಲ್ಲ.