ಎಮೆರಿಟಸ್ಸೋ, ಪ್ರೊಫೆಸರ್ ಆಫ್ ಪ್ರಾಕ್ಟೀಸೋ?

ಮುಂಬಯಿಯ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ಅಕ್ಕ ತಮ್ಮ ಹಳೆಯ ವಿಸಿಟಿಂಗ್ ಕಾರ್ಡ್ ತೋರಿಸಿದರು. 'ಪ್ರಾಧ್ಯಾಪಕಿ' ಎಂಬುದರ ಹಿಂದೆ ಪೆನ್ನಿನಲ್ಲಿ 'ನಿವೃತ್ತ' ಎಂದು ಸೇರಿಸಿದ್ದರು. ನನಗೆ ಸಂಕಟವಾಯಿತು. ಭಾವ ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿಯಾಗಿದ್ದವರು. ಇಬ್ಬರಿಗೂ ಕ್ಯಾಂಪಸ್ಸಿನ ಆಸೆ.

ಅಕ್ಕನಿಗೆ ಎಮೆರಿಟಸ್ ಸರಿ. ಜೀವಮಾನವಿಡೀ ಚೆನ್ನಾಗಿ ದುಡಿದ ನಿವೃತ್ತ ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಕೊಡುವ ಗೌರವ ಅದು. ಸಾಮಾನ್ಯವಾಗಿ ಸಂಬಳವಿಲ್ಲ, ಆದರೆ ವಿಭಾಗದ ನಂಟು ಉಳಿಯುತ್ತದೆ.

ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಬೇರೆಯೇ: ಬೇರೆ ವೃತ್ತಿಗಳಲ್ಲಿ ಪಳಗಿದವರು ಕ್ಯಾಂಪಸ್ಸಿಗೆ ಬಂದು ಪಾಠ ಹೇಳುವ ಹುದ್ದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಇದರ ಮಾರ್ಗಸೂಚಿ ತಂದಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ ಇರಬೇಕು, ಅದು ಹಿರಿಯ ಮಟ್ಟದಲ್ಲಿದ್ದರೆ ಒಳ್ಳೆಯದು. ಪಿಎಚ್‌ಡಿ ಕಡ್ಡಾಯವಲ್ಲ. ಅವಧಿ 4 ವರ್ಷಕ್ಕಿಂತ ಜಾಸ್ತಿ ಇಲ್ಲ. ಅಧ್ಯಾಪಕರಿಗೆ, ನಿವೃತ್ತರಾಗಿದ್ದರೂ, ಇದು ಸಿಗುವುದಿಲ್ಲ. ಹಾಗಾಗಿ ಇದು ಭಾವನಿಗೇ. ಸಾಲದ ಕಡತ ಕೈಯಾರೆ ನೋಡಿದವರು ಪಾಠ ಹೇಳಿದರೆ ಮಕ್ಕಳಿಗೆ ನಾಟುತ್ತದೆ, ಅಲ್ವಾ?